ಓಣಿಯ ಸಭಾಮನೆಗಳಿಗೂ ಚರಿತ್ರೆಯಿದೆ

ಮಾನ್ಯ ಸಂಪಾದಕರೇ,

ಹಳೆಯ ಕಟ್ಟಡಗಳ ರಕ್ಷಣೆಯ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹೆಸರು ಕೇಳಿಬರುತ್ತದೆ. ನೆರೆಯ ವಿಜಯಪುರದವರು ಗೋಳಗುಮ್ಮಟದ ಮಾತೆತ್ತುತ್ತಾರೆ. ಅವುಗಳಿಗೆ ಕಾವಲಿದೆ, ಕಾಯ್ದೆಯಿದೆ, ನೋಡಬರುವ ಜನರೂ ಇದ್ದಾರೆ. ಆದರೆ ನಮ್ಮ ನೇಕಾರ ಊರುಗಳ ಪೇಟೆಗಳಲ್ಲಿ ದೈವದವರು, ಅಂದರೆ ಸಮಾಜದ ಹಿರಿಯರ ಪಂಚಾಯ್ತಿಯವರು, ಕೂಡುತ್ತ ಬಂದ ಮನೆಗಳು, ಚಾವಡಿಗಳು, ಭಜನಾ ಮಂದಿರಗಳು ಯಾರ ಗಣನೆಗೂ ಬಂದಿಲ್ಲ. ಇಂಥ ಸಾದಾ ಕಟ್ಟಡಕ್ಕೂ ಬರೆದಿಡಬೇಕಾದ ಚರಿತ್ರೆ ಇರುತ್ತದೆ ಎಂಬುದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಕ್ವೇಕರರೆಂಬ ಕ್ರೈಸ್ತ ಪಂಥದವರ ಒಂದು ಹಳೆಯ ಸಭಾಮನೆಯನ್ನು ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಕ್ವೇಕರ್ ಪಂಥದ ಪರಿಚಯ ನಮ್ಮ ಕಡೆ ಕಡಿಮೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿಯವರು 1931ರ ಸೆಪ್ಟೆಂಬರ್ 12ರಂದು ದುಂಡು ಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಬಂದಿಳಿದಾಗ ಅವರಿಗೆ ಸ್ವಾಗತ ಸಭೆ ಏರ್ಪಟ್ಟದ್ದು ಯೂಸ್ಟನ್ ರಸ್ತೆಯಲ್ಲಿರುವ ಇದೇ ಪಂಥದವರ ಭವನದಲ್ಲಿ ಎಂದರೆ ಓದುಗರಿಗೆ ಗುರುತು ಹತ್ತೀತು.

ನಾನು ಹೇಳಹೊರಟಿರುವ ಸಭಾಮನೆ ಅಂಥ ದೊಡ್ಡ ಕಟ್ಟಡವಲ್ಲ. ಉತ್ತರ ಇಂಗ್ಲೆಂಡಿನ ಸೆಡ್‌ಬರ್ ಪಟ್ಟಣದ ಸಮೀಪ ಬ್ರಿಗ್‌ಫ್ಲ್ಯಾಟ್ಸ್ ಎಂಬ ಪುಟ್ಟ ಊರಿದೆ. 17ನೆಯ ಶತಮಾನದಲ್ಲಿ ಅದು ಅಗಸೆ ನಾರಿನ ಬಟ್ಟೆ ನೇಯುವವರ ಊರು. 1652ರಲ್ಲಿ ಈ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ಅಲ್ಲಿಗೆ ಬಂದು, ಹತ್ತಿರದ ಫರ್ಬ್ಯಾಂಕ್ ಗುಡ್ಡದ ಬಯಲಿನಲ್ಲಿ ನೆರೆದ ಜನರಿಗೆ ಉಪದೇಶ ಮಾಡಿದರು. ದೇವರಿಗೂ ಮನುಷ್ಯನಿಗೂ ನಡುವೆ ಪುರೋಹಿತನ ಅಗತ್ಯವಿಲ್ಲ, ಅಂತರಂಗದ ಬೆಳಕು ಹೆಣ್ಣು ಗಂಡೆನ್ನದೆ ಎಲ್ಲರಲ್ಲೂ ಇದೆ ಎಂಬುದು ಅವರ ಬೋಧೆಯ ತಿರುಳು. ಅದನ್ನು ಒಪ್ಪಿದವರು ಮೊದಲು ತಮ್ಮ ತಮ್ಮ ಮನೆಗಳಲ್ಲೇ ಕೂಡುತ್ತಿದ್ದು, 1674-75ರ ಹೊತ್ತಿಗೆ ಒಂದು ಸಭಾಮನೆ ಕಟ್ಟಿಕೊಂಡರು. ಸುಣ್ಣ ಬಳಿದ ಕಲ್ಲುಗೋಡೆ, ಬಾಗಿಲ ಮೇಲೆ 1675 ಎಂಬ ಇಸವಿ, ಒಳಗೆ ಮರದ ಬೆಂಚುಗಳು. ಪೂಜಾಪೀಠವಿಲ್ಲ, ಚಿತ್ರವಿಲ್ಲ, ಗೋಪುರವಿಲ್ಲ. ಕುರಿಗಾರರು ತಮ್ಮ ನಾಯಿಗಳೊಂದಿಗೆ ಸಭೆಗೆ ಬರುತ್ತಿದ್ದುದರಿಂದ ಅವುಗಳನ್ನು ಬಿಡಲೆಂದು ಅಟ್ಟದ ಮೆಟ್ಟಿಲ ಬುಡದಲ್ಲಿ ಮರದ ಪುಟ್ಟ ದೊಡ್ಡಿಯೊಂದನ್ನು ಮಾಡಿದ್ದಾರೆ. ಅದು ಇಂದಿಗೂ ಉಳಿದಿದೆ. ಆ ಊರಿನವರು ಯಾರು, ಹೇಗೆ ಬದುಕುತ್ತಿದ್ದರು ಎಂಬುದನ್ನು ಆ ದೊಡ್ಡಿಯೊಂದೇ ಎಷ್ಟು ಚೆನ್ನಾಗಿ ಹೇಳುತ್ತದೆ!

ಈ ಮನೆ ಎದ್ದ ಕಾಲವನ್ನು ಮರೆಯಬಾರದು. ರಾಜಮನ್ನಣೆಯ ಚರ್ಚಿನ ಹೊರಗೆ, ಮನೆಯವರಲ್ಲದೆ ಐದು ಜನ ಸೇರಿ ಪ್ರಾರ್ಥನೆ ಮಾಡುವುದು ಆಗ ಅಪರಾಧವಾಗಿತ್ತು. 1670ರ ಆಗಸ್ಟಿನಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯ ಸಭಾಮನೆಗೆ ಸಿಪಾಯಿಗಳು ಬೀಗ ಜಡಿದಾಗ ಕ್ವೇಕರ್ ಮುಖಂಡ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಉಪದೇಶಿಸಿ ಬಂಧನಕ್ಕೊಳಗಾದರು. ವಿಚಾರಣೆಯಲ್ಲಿ ಅವರನ್ನು ತಪ್ಪಿತಸ್ಥರೆನ್ನಲು ಒಪ್ಪದ ಪಂಚರನ್ನು (ಜ್ಯೂರಿಗಳನ್ನು) ಅನ್ನ ನೀರು ಕೊಡದೆ ಕೂಡಿಹಾಕಿ, ದಂಡ ವಿಧಿಸಿ, ದಂಡ ಕಟ್ಟದವರನ್ನು ಸೆರೆಮನೆಗೆ ಕಳಿಸಲಾಯಿತು. ಅವರಲ್ಲೊಬ್ಬರಾದ ಎಡ್ವರ್ಡ್ ಬುಶೆಲ್ ಹೂಡಿದ ಮೊಕದ್ದಮೆಯಲ್ಲಿ, ತೀರ್ಪಿನ ಕಾರಣಕ್ಕೆ ಪಂಚರನ್ನು ಶಿಕ್ಷಿಸಕೂಡದು ಎಂಬ ತತ್ತ್ವ ಇಂಗ್ಲಿಷ್ ಕಾನೂನಿನಲ್ಲಿ ನೆಲೆಯೂರಿತು. ಬೀಗ ಬಿದ್ದ ಒಂದು ಸಾದಾ ಮನೆಯಿಂದ ಆರಂಭವಾದ ಸಂಗತಿ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಬೇಕು. ಕ್ವೇಕರರಿಗೆ ಕಾನೂನುಬದ್ಧವಾಗಿ ಕೂಡುವ ಅವಕಾಶ ದೊರೆತದ್ದು 1689ರ ಸಹಿಷ್ಣುತಾ ಕಾಯ್ದೆಯಿಂದ.

ಇಷ್ಟೆಲ್ಲ ಇಂದು ಗೊತ್ತಾಗುವುದು ಅವರು ಬರೆದಿಟ್ಟದ್ದರಿಂದ. ಕ್ವೇಕರರ ಸಭೆಯಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿದ್ದು, ಹೇಳಬೇಕೆನಿಸಿದವರು ಎದ್ದು ಹೇಳಿದ ಮೇಲೆ, ಸಭೆಯ ಒಟ್ಟು ಅಭಿಪ್ರಾಯ ಎತ್ತ ವಾಲಿದೆಯೆಂಬುದನ್ನು ಬರಹದ ಹೊಣೆ ಹೊತ್ತವರು ಅಲ್ಲಿಯೇ ಬರೆದು, ಓದಿ ತೋರಿಸಿ, ಸಮ್ಮತಿ ಪಡೆಯುತ್ತಾರೆ. ಯಾರ ದನ, ಯಾರ ಪಾತ್ರೆ ಪಡಗ ಜಪ್ತಿಯಾಯಿತು, ಯಾರು ಸೆರೆಮನೆ ಸೇರಿದರು ಎಂಬುದನ್ನೂ ಬೇರೆ ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಕೆಲವು ವರ್ಷಗಳ ಹಿಂದೆ ಬ್ರಿಟನ್ನಿನ ಕ್ವೇಕರರು ಪರಂಪರೆ ಸಂರಕ್ಷಣಾ ಸಂಸ್ಥೆಯ ನೆರವಿನಿಂದ 300ಕ್ಕೂ ಹೆಚ್ಚು ಸಭಾಮನೆಗಳನ್ನು ಒಂದೊಂದಾಗಿ ಪರಿಶೀಲಿಸಿ ವರದಿ ಮಾಡಿದ್ದಾರೆ.

ನಮ್ಮಲ್ಲಿ ದೈವ ಕೂಡುವುದೂ ಬಹುಮಟ್ಟಿಗೆ ಹೀಗೆಯೇ. ಕೈ ಎತ್ತಿಸಿ ಎಣಿಸುವುದಿಲ್ಲ. ಹಿರಿಯರು ಮಾತಾಡಿ, ಎಲ್ಲರೂ ಹೂಂ ಅಂದ ಮೇಲೆ ಜಾತ್ರೆಯ ಪಟ್ಟಿಯೋ ಓಣಿಯ ತಂಟೆಯೋ ಇತ್ಯರ್ಥವಾಗುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮುಚ್ಚಿಡಲಾಗದು. ಕ್ವೇಕರ್ ಮಹಿಳೆಯರು 17ನೆಯ ಶತಮಾನದಲ್ಲೇ ತಮ್ಮದೇ ವ್ಯವಹಾರ ಸಭೆ ನಡೆಸುತ್ತಿದ್ದರು, ಅದಕ್ಕೆಂದೇ ಎಷ್ಟೋ ಸಭಾಮನೆಗಳಲ್ಲಿ ತೆಗೆದು ಮುಚ್ಚಬಹುದಾದ ಮರದ ಹಲಗೆಗಳಿಂದ ಕೋಣೆಯನ್ನು ಎರಡಾಗಿಸುತ್ತಿದ್ದರು. ನಮ್ಮ ದೈವದಲ್ಲಿ, ಮನೆಯಲ್ಲಿ ಕಂಡಿಕೆ ಸುತ್ತಿ ಮಗ್ಗದ ಅರ್ಧ ಕೆಲಸ ಮಾಡಿದ ಹೆಣ್ಣುಮಕ್ಕಳಿಗೆ ಕೂಡ್ರಲು ಜಾಗವೇ ಇರಲಿಲ್ಲ. ಚರಿತ್ರೆ ಬರೆಯುವುದಾದರೆ ಇದನ್ನೂ ಬರೆಯಬೇಕು.

ಈಗ ನಮ್ಮ ದೈವದ ಈ ಮನೆಗಳನ್ನು ಕೆಡವಿ, ಕೆಳಗೆ ಅಂಗಡಿ, ಮೇಲೆ ಕಲ್ಯಾಣ ಮಂಟಪ ಕಟ್ಟುವ ಕೆಲಸ ನಡೆದಿದೆ. ನಾನು ಕಂಡ ಒಂದು ಕಡೆ ಸಾಗವಾನಿ ಕಂಬಗಳು ತೂಕದ ಲೆಕ್ಕದಲ್ಲಿ ಮಾರಾಟವಾದವು. ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕಗಳು, ಕೆಲವು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯವು, ರದ್ದಿಗೆ ಹೋದವು. ಮೋಡಿ ಓದಬಲ್ಲವರು ನಮ್ಮ ಭಾಗದಲ್ಲಿ ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ ಈ ನಷ್ಟ ತುಂಬಿ ಬರುವಂಥದ್ದಲ್ಲ. ಹೊಸ ಕಟ್ಟಡ ಬೇಡವೆಂದು ನಾನು ಹೇಳುತ್ತಿಲ್ಲ. ಜನರಿಗೆ ಅದು ಬೇಕಾಗಿದೆ. ಕೆಡವುವ ಮುನ್ನ ಅಳತೆ ತೆಗೆದು ನಕ್ಷೆ ಮಾಡಲಿ, ಫೋಟೊ ತೆಗೆಯಲಿ, ಲೆಕ್ಕದ ಪುಸ್ತಕಗಳ ಪ್ರತಿ ಇಡಲಿ ಎಂದಷ್ಟೇ ದೈವದ ಹಿರಿಯರಲ್ಲಿ ನನ್ನ ವಿನಂತಿ. ಬನಹಟ್ಟಿ, ಇಳಕಲ್, ಗುಳೇದಗುಡ್ಡದ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳಿಂದ ಈ ಕೆಲಸವನ್ನು ಸುಲಭವಾಗಿ ಮಾಡಿಸಬಹುದು. ಅವರು ಬರೆದುದನ್ನು ಜಿಲ್ಲಾ ಪುಟದಲ್ಲಿ ವಾರಕ್ಕೊಂದರಂತೆ ಪ್ರಕಟಿಸಲು ತಮ್ಮ ಪತ್ರಿಕೆ ಸ್ಥಳ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ