ಕ್ಲಾರ್ಕ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಹೇಳಿದ ಮಾತು ತಲೆಯಲ್ಲೇ ಕೂತಿದೆ. ವಿಜ್ಞಾನ ಕಥೆಗಳನ್ನು ಬರೆದ ಆರ್ಥರ್ ಸಿ. ಕ್ಲಾರ್ಕ್ ದೊಡ್ಡ ತಲೆ, ಒಪ್ಪಿದೆ, ಆದರೆ ಅವರ ಕಥೆಗಳಲ್ಲಿ ಮನುಷ್ಯರೇ ಇಲ್ಲ, ಬರೀ ಯಂತ್ರ ಮತ್ತು ಲೆಕ್ಕ ಅಂದೆ. ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವರು ತೀರಿಕೊಂಡಿದ್ದು 2008ರ ಮಾರ್ಚ್ 19ರಂದು, ಕೊಲಂಬೋದಲ್ಲಿ, 90ನೇ ವಯಸ್ಸಿನಲ್ಲಿ. ಇಷ್ಟು ವರ್ಷ ಆದ ಮೇಲೂ ಅವರ ಹೆಸರು ಬಂದ ತಕ್ಷಣ ಎಲ್ಲರೂ ಉಪಗ್ರಹದ ವಿಷಯಕ್ಕೇ ಹೋಗುತ್ತಾರೆ. ನನಗೆ ಅದು ಬೇಜಾರು.

ಆ ಉಪಗ್ರಹದ ವಿಷಯವನ್ನೇ ಮೊದಲು ಮುಗಿಸಿಬಿಡೋಣ. 1945ರ ಅಕ್ಟೋಬರ್‌ನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸಮಭಾಜಕ ವೃತ್ತದ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವಿಗೆ ಒಂದು ಸುತ್ತು ಬರಲು ಹಿಡಿಯುವುದು ಭೂಮಿ ತಾನೇ ಒಂದು ಸಲ ತಿರುಗುವಷ್ಟೇ ಹೊತ್ತು. ಹಾಗಾಗಿ ಕೆಳಗಿದ್ದವರಿಗೆ ಅದು ಆಕಾಶದಲ್ಲಿ ಅಲ್ಲಾಡದೆ ನಿಂತಂತೆ ಕಾಣುತ್ತದೆ. ಅಂಥ ಮೂರನ್ನು ಇಟ್ಟರೆ ಹೆಚ್ಚುಕಡಿಮೆ ಇಡೀ ಭೂಮಿಗೆ ರೇಡಿಯೋ, ಟಿವಿ ಮುಟ್ಟಿಸಬಹುದು ಅಂತ ಅವರು ಬರೆದರು. ಆ ಕಕ್ಷೆಯ ಬಗ್ಗೆ ಹರ್ಮನ್ ಪೊಟೋಚ್ನಿಕ್ ಎಂಬ ಎಂಜಿನಿಯರ್ 1920ರ ದಶಕದ ಕೊನೆಯಲ್ಲೇ ಬರೆದಿದ್ದರು. ಅದನ್ನು ಜಗತ್ತಿಗೆಲ್ಲ ಸಂಪರ್ಕ ಕೊಡಲು ಬಳಸಬಹುದು ಅಂತ ಬಿಡಿಸಿ ಹೇಳಿದವರು ಕ್ಲಾರ್ಕ್. ಅವರ ಕಲ್ಪನೆಯ ನಿಲ್ದಾಣಗಳಲ್ಲಿ ಮನುಷ್ಯರು ಇದ್ದುಕೊಂಡು ಕೆಲಸ ಮಾಡಬೇಕಿತ್ತು ಅನ್ನೋದು ನನಗೆ ತುಂಬ ಇಷ್ಟ. 1964ರಲ್ಲಿ ಸಿಂಕಾಮ್ 3 ಉಪಗ್ರಹ ಆ ಕಕ್ಷೆಯಲ್ಲಿ ಹೋಗಿ ನಿಂತಾಗ ಅದರಲ್ಲಿ ಯಾರೂ ಇರಲಿಲ್ಲ.

ನಿಮ್ಮಪ್ಪ ಹೇಳುತ್ತಿದ್ದರಲ್ಲ, ರಾಯಚೂರು ಕಡೆಯ ನಿಮ್ಮೂರಿಗೆ ಪೇಟೆಗಿಂತ ಮೊದಲೇ ಟಿವಿ ಬಂದಿತ್ತು, ಊರಿನವರೆಲ್ಲ ಸಂಜೆ ಅದರ ಮುಂದೆ ಕೂರುತ್ತಿದ್ದರು ಅಂತ? ಅದು 'ಸೈಟ್' ಪ್ರಯೋಗ. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಕೊಟ್ಟರು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೆ ಕನ್ನಡದಲ್ಲೇ. ಅದಕ್ಕಾಗಿ ಓಡಾಡಿದ ವಿಕ್ರಂ ಸಾರಾಭಾಯಿ ಅದನ್ನು ನೋಡಲಿಲ್ಲ, 1971ರ ಕೊನೆಯಲ್ಲೇ ಹೋಗಿಬಿಟ್ಟಿದ್ದರು. ಆದರೆ ಕ್ಲಾರ್ಕ್ ನೋಡಿದರು. ಇಸ್ರೋದವರು ಕೊಲಂಬೋದ ಅವರ ಮನೆಗೇ ಒಂದು ಆಂಟೆನಾ ಹಾಕಿಕೊಟ್ಟರು. ಶ್ರೀಲಂಕಾದಲ್ಲಿ ಆಗಿನ್ನೂ ಟಿವಿ ಪ್ರಸಾರವೇ ಶುರುವಾಗಿರಲಿಲ್ಲ. ನಿಮ್ಮಪ್ಪ ಊರಲ್ಲಿ ನೋಡುತ್ತಿದ್ದಾಗ ಅದೇ ಉಪಗ್ರಹದ ಕಾರ್ಯಕ್ರಮವನ್ನು ಕ್ಲಾರ್ಕ್ ಕೊಲಂಬೋದಲ್ಲಿ ನೋಡುತ್ತಿದ್ದರು, ಯೋಚನೆ ಮಾಡು. ಈಗ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಕೇಂದ್ರದ ದೊಡ್ಡ ಡಿಶ್‌ಗಳು ಮುಖ ಮಾಡಿರುವುದೂ ಆ ಕಕ್ಷೆಯ ಕಡೆಗೇ.

ಇಷ್ಟೆಲ್ಲ ಇದ್ದರೂ, ಸಾಯುವ ಕೆಲವು ತಿಂಗಳ ಹಿಂದೆ, 2007ರ ಡಿಸೆಂಬರ್‌ನಲ್ಲಿ, 90ನೇ ಹುಟ್ಟುಹಬ್ಬಕ್ಕೆ ಮಾಡಿದ ವಿಡಿಯೋದಲ್ಲಿ ಅವರು ಹೇಳಿದ್ದೇನು ಗೊತ್ತಾ? ನಾನು ಏನೇನೋ ಮಾಡಿದ್ದೇನೆ, ಆದರೆ ನನ್ನನ್ನು ಬರಹಗಾರ ಅಂತ ನೆನಪಿಡಿ ಅಂತ. ನನ್ನ ತಕರಾರು ಇಷ್ಟೇ ಕಣೋ. ಆ ಮನುಷ್ಯ ಕೇಳಿಕೊಂಡಿದ್ದೇ ಅದೊಂದನ್ನು. ಅದನ್ನೂ ನಾವು ಮಾಡುತ್ತಿಲ್ಲ.

ಮನುಷ್ಯರಿಲ್ಲ ಅಂದೆಯಲ್ಲ, ಆ ಮಾತಿಗೆ ಬರುತ್ತೇನೆ. ಅರ್ಧ ಒಪ್ಪುತ್ತೇನೆ. ಅವರ ಪಾತ್ರಗಳು ಜಾಸ್ತಿ ಮಾತಾಡುವುದಿಲ್ಲ, ಜಗಳ ಆಡುವುದಿಲ್ಲ, ಹೆಣ್ಣು ಪಾತ್ರಗಳಂತೂ ಎಷ್ಟೋ ಕಡೆ ಹೆಸರಿಗಷ್ಟೇ ಇವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ 1979ರಲ್ಲಿ ಬಂದ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' ಕಾದಂಬರಿಯ ಅರ್ಪಣೆಯ ಪುಟ ತೆಗೆದು ಓದು. ಲೆಸ್ಲಿ ಏಕನಾಯಕೆ ಎಂಬ ಶ್ರೀಲಂಕಾದ ಹುಡುಗನಿಗೆ ಅರ್ಪಿಸಿದ್ದಾರೆ. 1977ರ ಜುಲೈನಲ್ಲಿ, 30 ತುಂಬಲು ಇನ್ನೂ ಕೆಲವು ದಿನ ಇರುವಾಗ ಅವನು ತೀರಿಕೊಂಡ. ನನ್ನ ಇಡೀ ಬದುಕಿನಲ್ಲಿ ಸಿಕ್ಕ ಪರಿಪೂರ್ಣ ಗೆಳೆಯ ಇವನೊಬ್ಬನೇ ಅಂತ ಬರೆದಿದ್ದಾರೆ ಕ್ಲಾರ್ಕ್. ಆ ಕೆಲವೇ ಸಾಲುಗಳಲ್ಲಿ ಇರುವ ದುಃಖ ನನಗೆ ಎಷ್ಟೋ ದಪ್ಪ ದಪ್ಪ ಕಾದಂಬರಿಗಳಲ್ಲಿ ಸಿಕ್ಕಿಲ್ಲ. ಅದಾಗಿ ಮೂವತ್ತು ವರ್ಷ ಬದುಕಿದರು. ಕೊನೆಗೆ ಕೊಲಂಬೋದಲ್ಲಿ ಅವರನ್ನು ಮಣ್ಣು ಮಾಡಿದ್ದು ಅದೇ ಲೆಸ್ಲಿಯ ಪಕ್ಕದಲ್ಲಿ.

ಇದನ್ನು ತಿಳಿದುಕೊಂಡು ಆ ಕಾದಂಬರಿ ಓದಿದರೆ ಅದು ಬೇರೆಯೇ ಪುಸ್ತಕ. ವ್ಯಾನೆವರ್ ಮಾರ್ಗನ್ ಎಂಬ ಎಂಜಿನಿಯರ್ ಭೂಮಿಯಿಂದ ಅದೇ 36 ಸಾವಿರ ಕಿಲೋಮೀಟರ್ ಎತ್ತರದ ಕಕ್ಷೆಗೆ, ಇನ್ನೂ ಆಚೆಗೆ, ಒಂದು ಲಿಫ್ಟ್ ಕಟ್ಟಲು ಹೊರಡುತ್ತಾನೆ. ರಾಕೆಟ್ಟೇ ಬೇಡ. ಈ ಐಡಿಯಾ ತನ್ನದು ಅಂತ ಕ್ಲಾರ್ಕ್ ಹೇಳಿಕೊಳ್ಳಲಿಲ್ಲ, 1960ರಲ್ಲೇ ಇದನ್ನು ಬರೆದಿದ್ದ ಲೆನಿನ್‌ಗ್ರಾಡ್‌ನ ಯೂರಿ ಅರ್ಟ್ಸುಟಾನೋವ್ ಅವರ ಹೆಸರನ್ನು ಹೇಳಿಯೇ ಹೇಳಿದರು. ಆ ಲಿಫ್ಟಿನ ಬುಡ ಇರುವುದು ಅಮೆರಿಕದಲ್ಲಿ ಅಲ್ಲ, ತಪ್ರೋಬೇನ್ ಎಂಬ ದ್ವೀಪದ ಬೆಟ್ಟದ ಮೇಲೆ. ಶ್ರೀಲಂಕಾವನ್ನೇ ಸ್ವಲ್ಪ ದಕ್ಷಿಣಕ್ಕೆ, ಸಮಭಾಜಕ ವೃತ್ತದ ಮೇಲಕ್ಕೆ ಸರಿಸಿ ಆ ಹೆಸರು ಕೊಟ್ಟಿದ್ದಾರೆ. ಬೆಟ್ಟದ ಮೇಲೆ ಸಾವಿರಾರು ವರ್ಷದಿಂದ ಭಿಕ್ಷುಗಳಿದ್ದಾರೆ, ಅವರು ಜಾಗ ಬಿಡುವುದಿಲ್ಲ. ಕ್ಲಾರ್ಕ್ ಅವರನ್ನು ದಡ್ಡರು ಅಂತ ತೋರಿಸುವುದಿಲ್ಲ, ಎಂಜಿನಿಯರ್‌ಗೆ ಕೊಟ್ಟಷ್ಟೇ ಮರ್ಯಾದೆ ಅವರಿಗೂ ಕೊಡುತ್ತಾರೆ. ಆಮೇಲೆ ಹಳದಿ ಚಿಟ್ಟೆಗಳ ಒಂದು ಪ್ರಸಂಗ ಬರುತ್ತದೆ, ಅದನ್ನು ಹೇಳಿ ಹಾಳು ಮಾಡುವುದಿಲ್ಲ. ಭವಿಷ್ಯ ಅನ್ನೋದು ಶ್ರೀಮಂತ ದೇಶಗಳಲ್ಲೇ ನಡೆಯುತ್ತೆ ಅನ್ನುವ ಪುಸ್ತಕಗಳನ್ನೇ ಓದಿ ಬೆಳೆದವರು ನಾವು. ಬೌದ್ಧ ವಿಹಾರ, ಹಳೇ ರಾಜನ ಕೋಟೆ, ಮಳೆಗಾಳಿ ಇರುವ ನಮ್ಮ ಪಕ್ಕದ ದ್ವೀಪದಿಂದಲೇ ಮನುಷ್ಯ ಆಕಾಶಕ್ಕೆ ಹತ್ತುತ್ತಾನೆ ಅಂತ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಹುಟ್ಟಿದ ಒಬ್ಬರು ಬರೆದದ್ದು ನನ್ನ ಮಟ್ಟಿಗೆ ಉಪಗ್ರಹದ ಲೇಖನಕ್ಕಿಂತ ದೊಡ್ಡ ವಿಷಯ.

ಕ್ಲಾರ್ಕ್ ಶ್ರೀಲಂಕಾಕ್ಕೆ ಬಂದದ್ದೇ ಸಮುದ್ರಕ್ಕಾಗಿ. 1956ರಲ್ಲಿ, ಇನ್ನೂ ಸಿಲೋನ್ ಆಗಿದ್ದಾಗ. ತ್ರಿಂಕೋಮಲಿಯಲ್ಲಿ ಪೋರ್ಚುಗೀಸರು ಕೆಡವಿದ ಕೋಣೇಶ್ವರ ದೇವಸ್ಥಾನದ ಕಲ್ಲುಗಳನ್ನು ಗೆಳೆಯ ಮೈಕ್ ವಿಲ್ಸನ್ ಜೊತೆ ನೀರೊಳಗೆ ಕಂಡರು. 1961ರಲ್ಲಿ ದಕ್ಷಿಣದ ಕಡಲಲ್ಲಿ ವಿಲ್ಸನ್ ತಂಡಕ್ಕೆ ಮುಳುಗಿದ ಹಡಗೊಂದರಲ್ಲಿ ಔರಂಗಜೇಬನ ಕಾಲದ ಬೆಳ್ಳಿ ರೂಪಾಯಿಗಳು ಸಿಕ್ಕವು, ಸೂರತ್ತಿನಲ್ಲಿ ಅಚ್ಚಾದವು. ಮರುವರ್ಷ ಕ್ಲಾರ್ಕ್ ಅವರಿಗೆ ಪಾರ್ಶ್ವವಾಯು ಹೊಡೆದ ಹಾಗಾಯಿತು, ಪೋಲಿಯೋ ಅಂದರು. ಸುಧಾರಿಸಿಕೊಂಡರು. 1988ರಲ್ಲಿ ಅದರ ಹಳೇ ಪರಿಣಾಮ ತಿರುಗಿ ಕಾಣಿಸಿತು, ಮುಂದೆ ಗಾಲಿಕುರ್ಚಿ. ನಡೆಯೋಕೆ ಕಷ್ಟವಾದ ಮೇಲೂ ನೀರಿಗಿಳಿಯೋದು ಬಿಡಲಿಲ್ಲ. ನೀರಿನಲ್ಲಿ ದೇಹದ ಭಾರ ಗೊತ್ತಾಗುವುದಿಲ್ಲವಲ್ಲ. ಅವರ ಬಾಹ್ಯಾಕಾಶದಲ್ಲಿ ತೇಲುವ ಮನುಷ್ಯರು ಅಷ್ಟು ನಿಜ ಅನಿಸುವುದು ಇದಕ್ಕೇ ಅಂತ ನನ್ನ ನಂಬಿಕೆ.

ಇನ್ನೊಂದು ಕಥೆ ಹೇಳಲೇಬೇಕು. 'ದಿ ಸ್ಟಾರ್', 1955ರದ್ದು, ಕೆಲವೇ ಪುಟ. ಒಬ್ಬ ಪಾದ್ರಿ, ಖಗೋಳ ವಿಜ್ಞಾನಿಯೂ ಹೌದು, ಸಿಡಿದುಹೋದ ನಕ್ಷತ್ರವೊಂದನ್ನು ನೋಡಲು ಹೋಗುತ್ತಾನೆ. ಆ ಸಿಡಿತಕ್ಕೆ ಸುಟ್ಟುಹೋದ ಒಂದು ಒಳ್ಳೆಯ ನಾಗರಿಕತೆಯ ಗುರುತುಗಳು ಸಿಗುತ್ತವೆ. ಅವನು ಲೆಕ್ಕ ಹಾಕುತ್ತಾನೆ, ಆ ಬೆಳಕು ಭೂಮಿಗೆ ಯಾವಾಗ ಮುಟ್ಟಿರಬೇಕು ಅಂತ. ಮುಂದಿನದು ನೀನೇ ಓದು. ಕ್ಲಾರ್ಕ್ ದೇವರನ್ನು ನಂಬದವರು, ತನ್ನ ಮಣ್ಣಿಗೆ ಯಾವ ಧರ್ಮದ ವಿಧಿಯೂ ಕೂಡದು ಅಂತ ಬರೆದಿಟ್ಟು ಹೋದವರು. ಆದರೂ ನಂಬಿಕೆ ಕಳೆದುಕೊಳ್ಳುವವನ ಸಂಕಟವನ್ನು ಹೀಗೆ ಒಳಗಿನಿಂದ ಬರೆದಿದ್ದಾರೆ. ಇದರಲ್ಲಿ ಮನುಷ್ಯ ಇಲ್ಲ ಅಂತೀಯಾ?

ಈ ಕಥೆಯನ್ನು ನೆನೆದಾಗ ನನಗೆ ಇನ್ನೊಂದೂ ನೆನಪಾಗುತ್ತದೆ. ಅವರು ಸತ್ತ ದಿನವೇ, ಕೆಲವು ಗಂಟೆಗಳ ನಂತರ, 'ಸ್ವಿಫ್ಟ್' ಉಪಗ್ರಹ ಒಂದು ಗಾಮಾ ಕಿರಣ ಸ್ಫೋಟವನ್ನು, ಅಂದರೆ ಬಲು ದೂರದ ನಕ್ಷತ್ರವೊಂದು ಸಿಡಿದ ಬೆಳಕನ್ನು, ಹಿಡಿಯಿತು. ಅದರ ಬೆಳಕು ನಮ್ಮ ಕಡೆ ಹೊರಟು ಸುಮಾರು 750 ಕೋಟಿ ವರ್ಷ ಆಗಿತ್ತು. ಭೂಮಿ ಇನ್ನೂ ಹುಟ್ಟಿರಲಿಲ್ಲ. ಆದರೂ ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೆ ಕಾಣುವಷ್ಟು ಪ್ರಖರವಾಗಿತ್ತು. ಅದಕ್ಕೆ ಕ್ಲಾರ್ಕ್ ಹೆಸರಿಡಬೇಕು ಅಂತ ಕೆಲವರು ಹೇಳಿದರು. ಅದು ಬರೀ ಕಾಕತಾಳೀಯ, ಕ್ಲಾರ್ಕ್ ಇದ್ದಿದ್ದರೆ ಅವರೂ ಹಾಗೇ ಹೇಳುತ್ತಿದ್ದರು. ಆದರೂ ಓದಿದಾಗ ಮೈ ಜುಂ ಅಂದಿತ್ತು.

90ನೇ ಹುಟ್ಟುಹಬ್ಬಕ್ಕೆ ಅವರು ಮೂರು ಆಸೆ ಹೇಳಿಕೊಂಡಿದ್ದರು. ಬೇರೆಲ್ಲೋ ಜೀವ ಇದೆ ಅನ್ನುವುದಕ್ಕೆ ಸಾಕ್ಷಿ ಸಿಗಬೇಕು, ಪೆಟ್ರೋಲ್ ಚಟ ಬಿಟ್ಟು ಶುದ್ಧ ಇಂಧನಕ್ಕೆ ಹೋಗಬೇಕು, ಶ್ರೀಲಂಕಾದಲ್ಲಿ ಶಾಂತಿ ಬರಬೇಕು. ಅವರು ಹೋದ ಮರುವರ್ಷ, 2009ರ ಮೇನಲ್ಲಿ ಅಲ್ಲಿನ ಯುದ್ಧ ನಿಂತಿತು, ಸಾವಿರಾರು ಸಾಮಾನ್ಯ ಜನರ ಜೀವ ತೆಗೆದುಕೊಂಡು. ಅವರು ಕೇಳಿದ ಶಾಂತಿ ಅದಾಗಿರಲಿಲ್ಲ ಅಂತ ನಾನು ಖಂಡಿತ ಹೇಳಬಲ್ಲೆ. ಫ್ರೆಡರಿಕ್ ಪೋಲ್ ಜೊತೆ ಬರೆದ ಅವರ ಕೊನೆಯ ಕಾದಂಬರಿ ಅವರು ಹೋದ ಮೇಲೆ ಅಚ್ಚಾಯಿತು. ಅದರ ನಾಯಕ ರಂಜಿತ್ ಸುಬ್ರಮಣಿಯನ್, ಶ್ರೀಲಂಕಾದ ತಮಿಳು ಹುಡುಗ, ಗಣಿತದ ಹುಚ್ಚ. ಸಿಂಹಳೀಯರೂ ತಮಿಳರೂ ಕಾದಾಡುತ್ತಿದ್ದ ಆ ಹೊತ್ತಿನಲ್ಲಿ ಕೊನೆಯ ನಾಯಕನನ್ನಾಗಿ ಅಂಥ ಹುಡುಗನನ್ನು ಆರಿಸಿಕೊಂಡರು ನೋಡು.

ಪುಸ್ತಕ ಎರಡನ್ನೂ ಇವತ್ತು ಕೊರಿಯರ್‌ಗೆ ಹಾಕಿದ್ದೇನೆ, ಕಥಾಸಂಕಲನ ಮತ್ತು ಆ ಲಿಫ್ಟಿನ ಕಾದಂಬರಿ. ಮೊದಲು 'ದಿ ಸ್ಟಾರ್' ಓದು. ಅವರದೇ 'ರಾಂಡೆವೂ ವಿತ್ ರಾಮ' ಕಾದಂಬರಿ, 1973ರದ್ದು, ನಿನ್ನ ಹತ್ತಿರ ಇದೆ ಅಂದಿದ್ದೆ, ಅದರ ಮುಂದಿನ ಭಾಗಗಳನ್ನು ಮಾತ್ರ ಮುಟ್ಟಬೇಡ, ಅವುಗಳಲ್ಲಿ ಮೊದಲನೆಯದರ ಬೆರಗು ಇಲ್ಲ. ಲಿಫ್ಟಿನ ಕಾದಂಬರಿಯ ಶುರುವಿನಲ್ಲಿ ಹಳೇ ರಾಜನ ಕಥೆ ಸ್ವಲ್ಪ ನಿಧಾನ ಅನಿಸಬಹುದು, ಅದನ್ನು ಹಾರಿಸಬೇಡ, ಚಿಟ್ಟೆಗಳು ಬರುವುದು ಅಲ್ಲಿಂದಲೇ. ಓದಿ ಮುಗಿಸಿದ ಮೇಲೂ ಮನುಷ್ಯರಿಲ್ಲ ಅಂತ ಅನಿಸಿದರೆ ಫೋನ್ ಮಾಡು, ಜಗಳ ಆಡೋಣ. ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ ಹೇಳು. ಅಪ್ಪನ ಹತ್ತಿರ ಆ ಟಿವಿಯ ಕಥೆಯನ್ನು ಇನ್ನೊಂದು ಸಲ ಕೇಳಿ, ಈ ಸಲ ಪೂರ್ತಿ ಬರೆದಿಟ್ಟುಕೋ.

ಇಂತಿ ನಿನ್ನ ಗೆಳೆಯ