ನೇರಳೆ ಬೀಜದ ಪುಡಿ, ಇನ್ಸುಲಿನ್ ಮತ್ತು ಮಕ್ಕಳ ಊಟ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ನೇರಳೆ ಬೀಜದ ಪುಡಿ ತಿಂದರೆ ಮಧುಮೇಹ ವಾಸಿಯಾಗುತ್ತದೆ, ಇನ್ಸುಲಿನ್ ಬಿಟ್ಟುಬಿಡಬಹುದು ಎಂಬ ಸಂದೇಶ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ಯಾರೂ ನಂಬಬೇಡಿ. ಟೈಪ್ 1 ಮಧುಮೇಹವಿರುವ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತುಹೋಗಿರುತ್ತದೆ. ಚುಚ್ಚುಮದ್ದು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಸಂಚಕಾರ ಬರಬಹುದು. ಆ ಜಾಗವನ್ನು ಯಾವ ಸೊಪ್ಪೂ ಯಾವ ಬೀಜವೂ ತುಂಬಲಾರದು.

ಹಾಗೆಂದು ನೇರಳೆಯಲ್ಲಿ ಸತ್ವವಿಲ್ಲ ಎಂದಲ್ಲ. ಹಣ್ಣು ತಿಂದ ಮಕ್ಕಳ ನಾಲಿಗೆಗೆ ಅಂಟುವ ಆ ಬಣ್ಣ ಆಂಥೋಸಯಾನಿನ್. ಅದು ಫ್ಲೇವನಾಯ್ಡ್ ಎಂಬ ಸಸ್ಯವಸ್ತುಗಳ ದೊಡ್ಡ ಬಳಗದ್ದು. ಬದನೆಕಾಯಿ ಸಿಪ್ಪೆಯ ಬಣ್ಣವೂ ಅದರದೇ. ಇದೇ ಬಳಗದ ಕ್ವೆರ್ಸೆಟಿನ್ ಈರುಳ್ಳಿ, ನುಗ್ಗೆ ಸೊಪ್ಪಿನಲ್ಲಿದೆ, ಕ್ಯಾಟೆಚಿನ್ ರಾಗಿಯ ಹೊಟ್ಟಿನಲ್ಲಿದೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಇಂಥ ಕೆಲವು ವಸ್ತುಗಳು ನಿಧಾನಗೊಳಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ನಾವು ತಿಂದದ್ದರಲ್ಲಿ ಸ್ವಲ್ಪ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಗಾಜಿನ ನಳಿಕೆಯಲ್ಲಿ ಕಂಡದ್ದೆಲ್ಲ ಮೈಯಲ್ಲೂ ನಡೆಯುತ್ತದೆ ಎನ್ನುವಂತಿಲ್ಲ.

ಸಸ್ಯದಿಂದ ಮದ್ದು ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ. ಫ್ಲೇವನಾಯ್ಡ್ ಬಳಗದ್ದೇ ಆದ ಫ್ಲೋರಿಜಿನ್ ಎಂಬ ವಸ್ತು 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕಿತು. ಅದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ. ಆದರೆ ನುಂಗಿದರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಅದರ ರಚನೆಯನ್ನು ಬದಲಿಸಿ, ರೋಗಿಗಳ ಮೇಲೆ ಪರೀಕ್ಷಿಸಿ, ಡಾಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗೆ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ತೊಗಟೆಯಿಂದ ಮಾತ್ರೆಗೆ ಅಷ್ಟು ದೂರ. ಈ ಸಂದೇಶ ಕಳಿಸುವವರು ಆ ದಾರಿಯನ್ನೆಲ್ಲ ಒಂದು ಚಮಚ ಪುಡಿಯಲ್ಲಿ ದಾಟಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಪುಡಿಗೆ ಕೊಡುವ ದುಡ್ಡಿನಲ್ಲಿ ತರಕಾರಿ ತನ್ನಿ. ಈರುಳ್ಳಿ ಸುಲಿಯುವಾಗ ಒಣ ಸಿಪ್ಪೆಯನ್ನಷ್ಟೇ ತೆಗೆಯಿರಿ. ಅದರ ಕೆಳಗಿನ ಕೆಂಪು ಪದರದಲ್ಲೇ ಕ್ವೆರ್ಸೆಟಿನ್ ಹೆಚ್ಚು. ರಾಗಿ ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಎಸೆಯಬೇಡಿ. ರಾಗಿಯೂ ಪಿಷ್ಟವೇ ಎಂಬುದು ನೆನಪಿರಲಿ: ಗಂಜಿ ಮಾಡಿ ಬೆಲ್ಲ ಸುರಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ.

ಚಹಾದಲ್ಲೂ ಫ್ಲೇವನಾಯ್ಡ್ ಇದೆ ಎಂದು ಮಕ್ಕಳಿಗೆ ತಿಂಡಿಯ ಜೊತೆ ಕುಡಿಸುವುದು ಬೇಡ. ಚಹಾ ಆಹಾರದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮೊದಲೇ ಹೆಚ್ಚು. ಬದಲಿಗೆ ಕಬ್ಬಿಣಾಂಶ ಮೈಗೆ ಹತ್ತುವಂತೆ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಕೊಡಿ.

ಮಧುಮೇಹವಿರುವ ಮಕ್ಕಳ ಪೋಷಕರು ದಯವಿಟ್ಟು ತರಗತಿ ಶಿಕ್ಷಕರಿಗೆ ತಿಳಿಸಿ. ವೈದ್ಯರು ಬರೆದುಕೊಟ್ಟ ಚೀಟಿಯ ಒಂದು ಪ್ರತಿಯನ್ನು ಕಚೇರಿಗೆ ಕೊಡಿ. ಸಕ್ಕರೆ ಇಳಿದು ಮಗು ಬೆವರಿದರೆ, ನಡುಗಿದರೆ ತಕ್ಷಣ ಕೊಡಲು ಗ್ಲೂಕೋಸ್ ಪುಡಿಯನ್ನು ಬ್ಯಾಗಿನಲ್ಲಿ ಇಟ್ಟು ಕಳಿಸಿ. ಚುಚ್ಚುಮದ್ದು ತೆಗೆದುಕೊಳ್ಳಲು ಮಗುವಿಗೆ ಶಾಲೆಯಲ್ಲಿ ಜಾಗ, ಸಮಯ ಎರಡನ್ನೂ ಒದಗಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ