ನ್ಯೂ ಆರ್ಲಿಯನ್ಸ್‌ಗೆ ಹೊರಟ ಅಣ್ಣನ ಮಗಳಿಗೆ

ಮೈಸೂರು

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸಮ್ಮೇಳನದ ವಿಷಯವನ್ನೂ ನಾಲ್ಕು ದಿನದ ಪ್ರಯಾಣದ ವಿಷಯವನ್ನೂ ಅಣ್ಣ ಮೊದಲೇ ಹೇಳಿದ್ದರಿಂದ ಆ ಭಾಗವನ್ನು ಬೇಗ ಓದಿ ಮುಗಿಸಿದೆ. ಆದರೆ ಕೊನೆಯಲ್ಲಿ ನೀನು ಬರೆದ ಒಂದು ಮಾತು ಎರಡು ದಿನಗಳಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ಆ ಊರಿನಲ್ಲಿ ಪ್ರತಿಯೊಂದರಲ್ಲೂ ಮಾಂಸವೋ ಸೀಗಡಿಯೋ ಇರುತ್ತದಂತೆ, ಹೋದ ಕಡೆಯೆಲ್ಲ ಇದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವುದಕ್ಕಿಂತ ಹಸಿದಿರುವುದೇ ಸುಲಭ ಅತ್ತೆ, ಅವಲಕ್ಕಿ ಒಯ್ಯುತ್ತೇನೆ ಎಂದು ಬರೆದಿದ್ದೀಯ.

ನಾವು 1989ರಿಂದ ನಾಲ್ಕು ವರ್ಷ ಅಲ್ಲಿದ್ದುದು ನಿನಗೆ ಗೊತ್ತೇ ಇದೆ. ಆ ನಾಲ್ಕು ವರ್ಷವೂ ನಾನು ಹೀಗೆಯೇ, ಕೇಳುವುದಕ್ಕೆ ಹೆದರಿ, ಮನೆಯ ಅನ್ನ ಸಾರನ್ನು ಬಿಟ್ಟು ಬೇರೇನನ್ನೂ ಮುಟ್ಟದೆ ಕಳೆದೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಊರಿಗೆ ಬಂದ ಮೇಲೆ ಎಲ್ಲರೂ ಅದನ್ನು ನನ್ನ ನಿಷ್ಠೆ ಎಂದು ಹೊಗಳಿದರು, ನಾನೂ ಸುಮ್ಮನಿದ್ದೆ. ನಿಷ್ಠೆ ಸ್ವಲ್ಪ ಇದ್ದಿರಬಹುದು. ಹೆಚ್ಚಿನ ಪಾಲು ಸಂಕೋಚವೇ ಆಗಿತ್ತು. ಇಂಗ್ಲಿಷ್ ತಡವರಿಸುತ್ತಿತ್ತು, ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಗಂಟಲಿನಲ್ಲೇ ಕುಳಿತಿತ್ತು.

ನಾವಿದ್ದದ್ದು ಒಂದು ಜೋಡಿಮನೆಯ ಅರ್ಧಭಾಗದಲ್ಲಿ. ಗೋಡೆಯ ಆಚೆಗೆ ಮನೆಯೊಡತಿ, ವಯಸ್ಸಾದ ಒಬ್ಬ ಕಪ್ಪು ಹೆಂಗಸು, ಒಬ್ಬರೇ ಇರುತ್ತಿದ್ದರು. ಆ ಊರಿನಲ್ಲಿ ಸೋಮವಾರವೆಂದರೆ ಕೆಂಪು ಹುರುಳಿಕಾಯಿ ಬೀಜ ಮತ್ತು ಅನ್ನದ ದಿನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾಗಿದ್ದರಿಂದ, ಒಲೆಯ ಮೇಲೆ ಪಾತ್ರೆಯಿಟ್ಟು, ಭಾನುವಾರ ಉಳಿದ ಹಂದಿಮಾಂಸದ ಮೂಳೆಯನ್ನು ಅದರಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು ಹೆಂಗಸರು ಒಗೆತಕ್ಕೆ ಹೋಗುತ್ತಿದ್ದರಂತೆ. ಪ್ರತಿ ಸೋಮವಾರ ಮಧ್ಯಾಹ್ನ ಆ ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿಯ ಘಮ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು.

ಒಂದು ಸೋಮವಾರ ಅವರು ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಪುಟ್ಟ ಪಾತ್ರೆ, ಮುಚ್ಚಳದ ಮೇಲೆ ನೀಲಿ ಗೆರೆಯ ಬಟ್ಟೆ. ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಎಂಬುದನ್ನು ನಿನ್ನ ಮಾವನವರಿಂದ ಕೇಳಿ ತಿಳಿದುಕೊಂಡು, ಮೂಳೆ ಹಾಕದೆ ನನಗಾಗಿಯೇ ಬೇರೆ ಬೇಯಿಸಿ ತಂದಿದ್ದರು. ಸೌಟು ಅದೇ ಇರಬಹುದು, ಪಾತ್ರೆ ಅದೇ ಇರಬಹುದು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಒಂದೇ ಒಂದು ಮಾತು ಕೇಳಿದ್ದರೆ ಅವರು ಹೇಳುತ್ತಿದ್ದರು. ಕೇಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ. ಬಾಗಿಲ ಸಂದಿನಲ್ಲಿ ಕಡೆಗೆ ಕಂಡದ್ದು ಆ ಬಟ್ಟೆಯನ್ನು ಮತ್ತೆ ಸರಿಪಡಿಸುತ್ತಿದ್ದ ಅವರ ಕೈ.

ಆದ್ದರಿಂದ ಪುಟ್ಟಿ, ನೀನು ಸಸ್ಯಾಹಾರ ಬಿಡಬೇಕೆಂದು ನಾನು ಹೇಳುತ್ತಿಲ್ಲ, ನಾನೂ ಬಿಟ್ಟವಳಲ್ಲ. ಕೇಳುವುದಕ್ಕೆ ಹೆದರಬೇಡ ಎಂಬುದಷ್ಟೇ ನನ್ನ ಮಾತು. ಅಲ್ಲಿ ‘ಸಸ್ಯಾಹಾರವೇ’ ಎಂದು ಕೇಳಿದರೆ ಸಾಲದು. ಸೊಪ್ಪಿನ ಪಲ್ಯವನ್ನೂ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದುಂಟು, ಅನ್ನಕ್ಕೂ ಕೋಳಿಯ ಕಟ್ಟು ಸೇರಿಸುವುದುಂಟು, ಸೀಗಡಿಯನ್ನು ಮಾಂಸವೆಂದೇ ಎಣಿಸದವರೂ ಇದ್ದಾರೆ. ಮಾಂಸ, ಮೀನು, ಸೀಗಡಿ, ಮಾಂಸದ ಕಟ್ಟು, ಹಂದಿಯ ಕೊಬ್ಬು ಎಂದು ಒಂದೊಂದನ್ನೂ ಹೆಸರು ಹೇಳಿ ಕೇಳಬೇಕು. ಮಾಂಸವೋ ಸೀಗಡಿಯೋ ಹಾಕಿ ಮಾಡುವ ಗಂಬೋ ಎಂಬ ಗಟ್ಟಿ ಸಾರಿನ ಹೆಸರು ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ ಬಂದದ್ದು. ಆದರೂ ಬೆಂಡೆಕಾಯಿಯ ಹುಳಿಯೆಂದುಕೊಂಡು ಮೋಸ ಹೋಗಬೇಡ. 1941ರಲ್ಲಿ ಶುರುವಾದ ಡೂಕಿ ಚೇಸ್ ಹೋಟೆಲಿನಲ್ಲಿ ಲಿಯಾ ಚೇಸ್ ಅವರು ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಮಾಡುತ್ತಿದ್ದ ಹಲವು ಬಗೆಯ ಸೊಪ್ಪಿನ ಗಂಬೋ ಬಹಳ ಹೆಸರಾದದ್ದು, ಅದರಲ್ಲೂ ಮಾಂಸವಿರುತ್ತದೆ. ಪೋಬಾಯ್ ಎಂಬ ಉದ್ದನೆಯ ಬ್ರೆಡ್ಡನ್ನು ಹುರಿದ ಆಲೂಗಡ್ಡೆ ತುಂಬಿಯೂ ಕೊಡುತ್ತಾರೆ, ಆದರೆ ಮೇಲೆ ಸುರಿಯುವ ಗ್ರೇವಿ ದನದ ಮಾಂಸದ್ದು, ಮೇಯನೀಸ್‌ನಲ್ಲಿ ಮೊಟ್ಟೆ, ಎರಡೂ ಬೇಡವೆನ್ನಬೇಕು. ಇಷ್ಟು ಬರೆದು ನಿನ್ನ ಭಯವನ್ನು ಇನ್ನೂ ಹೆಚ್ಚಿಸಿದೆನೇನೋ. ಕ್ಷಮಿಸು, ಹೆಚ್ಚಿಸಬೇಕೆಂದು ಬರೆದದ್ದಲ್ಲ.

ಸುಲಭವಾದವೂ ಇವೆ. ಫ್ರೆಂಚ್ ಮಾರ್ಕೆಟ್ಟಿನ ಕೆಫೆ ದು ಮಾಂಡ್ 1862ರಿಂದಲೂ ನಡೆಯುತ್ತಿರುವ ಕಾಫಿ ಅಂಗಡಿ. ನಾನು ಅಲ್ಲಿಗೆ ಹೋದದ್ದು ಊರು ಬಿಡುವ ಕೊನೆಯ ವಾರದಲ್ಲಿ, ನಿನ್ನ ಮಾವನವರ ಬಲವಂತಕ್ಕೆ. ಬಿನ್ಯೇ ಎಂಬ ಚೌಕನೆಯ ಕರಿದ ತಿಂಡಿ ಒಂದು ತಟ್ಟೆಗೆ ಮೂರು ಬರುತ್ತದೆ, ಮೇಲೆ ರಾಶಿ ಪುಡಿಸಕ್ಕರೆ. ಕಚ್ಚುವಾಗ ಉಸಿರು ಒಳಗೆಳೆದರೆ ಕೆಮ್ಮು ಬರುತ್ತದೆ. ಹತ್ತಿಬೀಜದ ಎಣ್ಣೆಯಲ್ಲಿ ಕರಿಯುತ್ತಾರೆ, ಮೊಟ್ಟೆಯ ವಿಷಯವನ್ನು ಮಾತ್ರ ಕೇಳಿಕೋ. ಆಮೇಲೆ ಕಾಫಿ ಬಂತು, ಬಿಸಿ ಹಾಲು ಬೆರೆಸಿದ್ದು. ಒಂದು ಗುಟುಕು ಕುಡಿದು ನನಗೆ ಕಣ್ಣಲ್ಲಿ ನೀರು ಬಂತು. ಚಿಕೋರಿ, ಪುಟ್ಟಿ! ನಮ್ಮ ಅಮ್ಮ ಫಿಲ್ಟರಿಗೆ ಹಾಕುತ್ತಿದ್ದ ಪುಡಿಯಲ್ಲಿದ್ದ ಅದೇ ಚಿಕೋರಿಯ ಕಹಿ. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬೀಜ ಸಿಗದಾದಾಗ, ಫ್ರೆಂಚರಿಂದ ಬಂದಿದ್ದ ಈ ಬೇರನ್ನು ಬೆರೆಸುವ ರೂಢಿ ಆ ಊರಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. ನಾಲ್ಕು ವರ್ಷ ಮನೆಯ ರುಚಿಗಾಗಿ ಹಂಬಲಿಸಿದವಳಿಗೆ ಅದು ಟ್ರಾಮಿನ ದಾರಿಯಲ್ಲೇ ಸಿಗುತ್ತಿತ್ತು, ನಾನು ಒಳಗೆ ಹೋಗಿ ಕೇಳಿರಲಿಲ್ಲ.

ಪೆಕಾನ್ ಬೀಜ ಮತ್ತು ಸಕ್ಕರೆಯ ಪ್ರಲೀನ್ ನಮ್ಮ ಚಿಕ್ಕಿಯ ಬಂಧುವಿನಂತಿದೆ, ಆದರೆ ಮೆತ್ತಗಿರುತ್ತದೆ. 1905ರ ಆಂಜೆಲೋ ಬ್ರೊಕಾಟೋ ಅಂಗಡಿಯ ನಿಂಬೆಯ ಐಸನ್ನು ತಪ್ಪಿಸಿಕೊಳ್ಳಬೇಡ. ದೊಡ್ಡ ಹೋಟೆಲಿಗೆ ಜೊತೆಯವರು ಕರೆದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳು. ಕುಡಿಯುವ ವಿಷಯದಲ್ಲಿ ನಾನು ಹೇಳುವುದು ಕಡಿಮೆ: ಸಾಜ್‌ರಾಕ್ ಎಂಬುದು ಆ ಊರಿನ ಹೆಮ್ಮೆಯ ಪಾನೀಯ, ಅದು ವಿಸ್ಕಿಯದು, ಬೇಕೋ ಬೇಡವೋ ನಿನಗೆ ಬಿಟ್ಟದ್ದು, ಬೇಡವಾದರೆ ಸೋಡಾ ಕೇಳುವುದಕ್ಕೂ ನಾಚಿಕೆಪಡಬೇಡ. ನನ್ನ ತಿಳಿವಳಿಕೆ ಹಳೆಯದು, ಇದನ್ನೆಲ್ಲ ಅಲ್ಲಿ ಇನ್ನೊಮ್ಮೆ ವಿಚಾರಿಸಿಕೋ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿದು, ಒಡ್ಡುಗಳು ಒಡೆದು, ಊರಿನ ಶೇಕಡಾ 80ರಷ್ಟು ಭಾಗ ಮುಳುಗಿದಾಗ ನಾನು ಇಲ್ಲಿ ಟಿವಿಯ ಮುಂದೆ ಕುಳಿತು ಆ ನೀಲಿ ಗೆರೆಯ ಬಟ್ಟೆಯನ್ನೇ ನೆನೆಯುತ್ತಿದ್ದೆ. ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಅವರ ಮನೆ ಹುಡುಕೆಂದು ನಿನಗೆ ಹೇಳುವುದಿಲ್ಲ.

ನೀನು ಇರುವ ನಾಲ್ಕು ದಿನಗಳಲ್ಲಿ ಒಂದು ಸೋಮವಾರವಿದೆ ಎಂದು ಕ್ಯಾಲೆಂಡರ್ ನೋಡಿ ತಿಳಿದುಕೊಂಡೆ. ಅವಲಕ್ಕಿ ಪೆಟ್ಟಿಗೆಯಲ್ಲಿರಲಿ. ಆ ದಿನ ಯಾವುದಾದರೂ ಸಣ್ಣ ಹೋಟೆಲಿಗೆ ಹೋಗಿ, ಮೂಳೆ ಹಾಕದೆ ಬೇಯಿಸಿದ ಕೆಂಪು ಬೀಜ ಇದೆಯೇ ಎಂದು ಕೇಳು. ಇಲ್ಲವೆಂದರೆ ಇನ್ನೊಂದು ಕಡೆ ಕೇಳು. ಸಿಕ್ಕಿದರೆ ಹೇಗಿತ್ತೆಂದು ನನಗೆ ವಿವರವಾಗಿ ಬರೆ. ಅದರ ಘಮವನ್ನಷ್ಟೇ ನಾನು ಬಲ್ಲೆ.

ನಿನ್ನ
ಅತ್ತೆ